ಗಂಜಿಯ ಹಾಳೆ

ನಲವತ್ತೇಳನೆಯ ವಯಸ್ಸಿನಲ್ಲಿ ನನಗೆ ಮೊದಲ ಕೆಲಸ ಸಿಕ್ಕಿತು, ಅದೂ ಗಂಜಿ ಕಾಯಿಸುವ ಕೆಲಸ. ಮೈಸೂರಿನಲ್ಲಿ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಮದುವೆಯಾಗಿ, ಗಂಡನ ಜೊತೆ ಕತಾರಿಗೆ ಬಂದು, ಇಪ್ಪತ್ತೆರಡು ವರ್ಷ ಮನೆಯಲ್ಲಿ ಸೌಟು ಹಿಡಿದವಳನ್ನು ಕೊನೆಗೂ ಯಾರೋ ಕರೆದು ಕೆಲಸ ಕೊಟ್ಟರು ಅಂದರೆ, ಅಲ್ಲಿಯೂ ಸೌಟನ್ನೇ ಕೈಗೆ ಕೊಟ್ಟರು. "ಕೋಟು ಮಾತ್ರ ಬಿಳೀದು ಕಣೇ, ಕೆಲಸ ಅದೇ," ಎಂದು ನಮ್ಮ ಮನೆಯವರು ಮೊದಲ ದಿನವೇ ಕಾರಿನಲ್ಲಿ ನಕ್ಕರು. ಉಮ್ಮ್ ಸಲಾಲ್‌ನ ನಮ್ಮ ಮನೆಯಿಂದ ಅಲ್ ಅಜೀಜಿಯಾ ತಲುಪುವವರೆಗೂ ನಾನು ಅವರ ಜೊತೆ ಮಾತಾಡಲಿಲ್ಲ. ನನ್ನನ್ನು ಇಳಿಸಿ ಅವರು ಮುಶೈರಿಬ್‌ನ ತಮ್ಮ ಆಫೀಸಿಗೆ ಹೋದರು.

ಕೆಲಸದ ಜಾಗ ಒಂದು ವಿಲ್ಲಾದ ಹಿಂಭಾಗದ ಅಡುಗೆಮನೆ. ಜೋರ್ಡಾನ್ ದೇಶದ ಹೆಂಗಸೊಬ್ಬರು, ಪಿಎಚ್.ಡಿ. ಮಾಡಿದವರು, ಅದನ್ನು ಬಾಡಿಗೆಗೆ ಹಿಡಿದು ಗಿಡಗಳ ಪಿಷ್ಟದಿಂದ ಪ್ಲಾಸ್ಟಿಕ್ಕಿನಂಥ ಹಾಳೆ ಮಾಡುತ್ತಿದ್ದರು. ಬಳಸಿ ಎಸೆದರೆ ಕೆಲವು ವಾರಗಳಲ್ಲಿ ಮಣ್ಣಿನಲ್ಲಿ ಕೊಳೆತು ಹೋಗುವ ಹಾಳೆ. ಅವರನ್ನು ನಾವೆಲ್ಲ ಡಾಕ್ಟರ್ ಎಂದು ಕರೆಯುತ್ತಿದ್ದೆವು. ನಾವೆಲ್ಲ ಅಂದರೆ ಇಬ್ಬರೇ, ನಾನು ಮತ್ತು ಕಾಕ.

ಕಾಕ ಮಂಗಳೂರಿನ ಕಡೆಯ ಬ್ಯಾರಿ, ಅರವತ್ತರ ಹತ್ತಿರದವರು. ದೋಹಾದ ಲಾಂಡ್ರಿಯೊಂದರಲ್ಲಿ ವರ್ಷಾನುಗಟ್ಟಲೆ ಘುತ್ರಾಗಳಿಗೆ, ಅಂದರೆ ಇಲ್ಲಿಯ ಗಂಡಸರು ತಲೆಗೆ ಹಾಕುವ ಬಿಳಿ ಬಟ್ಟೆಗಳಿಗೆ, ಗಂಜಿ ಹಾಕಿ ಇಸ್ತ್ರಿ ಮಾಡಿದವರು. "ಹಾವಿನ ಹೆಡೆ ಹಾಗೆ ನಿಲ್ಬೇಕು ಅಕ್ಕ, ಬಗ್ಗಿದ್ರೆ ಅರಬಿ ವಾಪಸ್ ಬಿಸಾಡ್ತಾನೆ," ಎಂದು ಕೈಯಲ್ಲೇ ಹೆಡೆ ಮಾಡಿ ತೋರಿಸುತ್ತಿದ್ದರು. ಆ ಲಾಂಡ್ರಿ ಮುಚ್ಚಿದ ಮೇಲೆ ಡಾಕ್ಟರ್ ಅವರನ್ನು ಟ್ರೇ ತೊಳೆಯಲು, ಹಾಳೆ ಒಣಗಿಸಿ ಬಿಡಿಸಲು, ನೀರಿನ ಕ್ಯಾನು ಹೊರಲು ಇಟ್ಟುಕೊಂಡಿದ್ದರು. ಈ ಕೆಲಸ ಹೋದರೆ ಆ ವಯಸ್ಸಿನಲ್ಲಿ ಇನ್ನೊಬ್ಬರು ವೀಸಾ ಕೊಡುವುದು ಕಷ್ಟ. ಊರಿನಲ್ಲಿ ಕಿರಿಮಗಳ ನರ್ಸಿಂಗ್ ಓದು ಇನ್ನೂ ಎರಡು ವರ್ಷ ಇತ್ತು. ಇದನ್ನು ಅವರು ಗೋಳು ತೋಡಿಕೊಂಡು ಹೇಳಿದ್ದಲ್ಲ, ಒಂದು ದಿನ ಚಹಾ ಕುಡಿಯುತ್ತಾ ಮಗಳ ಫೋಟೋ ತೋರಿಸಿ ಹೇಳಿದ್ದು.

ಹಾಳೆ ಮಾಡುವ ವಿಧಾನದಲ್ಲಿ ಹೇಳಿಕೊಳ್ಳುವಂಥ ಗುಟ್ಟೇನೂ ಇಲ್ಲ. ಮೆಕ್ಕೆಜೋಳದ ಪಿಷ್ಟವನ್ನೋ ಮರಗೆಣಸಿನದನ್ನೋ ತೂಗಿ, ಡಿಸ್ಟಿಲ್ಡ್ ನೀರಿನಲ್ಲಿ ಗಂಟಿಲ್ಲದೆ ಕದಡಿ, ಸ್ವಲ್ಪ ವಿನೆಗರ್ ಹಾಕಿ ಸಣ್ಣ ಉರಿಯಲ್ಲಿ ಇಡಬೇಕು. ಎಷ್ಟೋ ಹೊತ್ತು ಅದು ಬರೀ ಬಿಳಿ ನೀರು. ತಿರುವಿ ತಿರುವಿ ತೋಳು ಸೋಲುವ ಹೊತ್ತಿಗೆ ಒಮ್ಮೆಲೇ ಸೌಟು ಭಾರವಾಗುತ್ತದೆ, ಬಿಳಿ ಹೋಗಿ ಗಾಜಿನ ಬಣ್ಣ ಬರುತ್ತದೆ. ಆಗ ಗ್ಲಿಸರಿನ್. ಅದು ಕಡಿಮೆಯಾದರೆ ಒಣಗಿದ ಹಾಳೆ ಹಪ್ಪಳದಂತೆ ಮುರಿಯುತ್ತದೆ, ಜಾಸ್ತಿಯಾದರೆ ಕೈಗೆ ಅಂಟುತ್ತದೆ. ಗುಳ್ಳೆ ಇಳಿಯಲು ಬಿಟ್ಟು ಟ್ರೇಗೆ ಹೊಯ್ದು ಉಕ್ಕಿನ ಪಟ್ಟಿಯಲ್ಲಿ ಮಟ್ಟಸ ಮಾಡಿದರೆ ನನ್ನ ಕೆಲಸ ಮುಗಿಯಿತು. ಎರಡು ದಿನ ಬಿಟ್ಟು ಕಾಕ ಟ್ರೇಯ ಮೂಲೆಯಲ್ಲಿ ಉಗುರು ಹಾಕಿ, ಉಸಿರು ಹಿಡಿದು, ಇಡೀ ಹಾಳೆಯನ್ನು ಒಂದೇ ಎಳೆತಕ್ಕೆ ಬಿಡಿಸುತ್ತಿದ್ದರು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಇಬ್ಬರೂ ನೋಡುತ್ತಿದ್ದೆವು. ನನಗೆ ಆ ಗಳಿಗೆ ಬಹಳ ಇಷ್ಟವಾಗುತ್ತಿತ್ತು.

ಇಲ್ಲಿ ನನ್ನ ಜಂಬದ ವಿಷಯ ಹೇಳಲೇಬೇಕು. ನಮ್ಮ ಮನೆಯಲ್ಲಿ ದೇವರಿಗೆ ನೈವೇದ್ಯ ಆಗುವ ಮೊದಲು ಅಡುಗೆಯ ರುಚಿ ನೋಡುವ ಹಾಗಿಲ್ಲ, ನೋಡಿದರೆ ಎಂಜಲು. ಹಾಗಾಗಿ ಉಪ್ಪು ಖಾರ ಎಲ್ಲ ಕೈ ಅಳತೆ, ಕಣ್ಣಂದಾಜು. ಕುದಿ ಬಂದು ಸೌಟು ಭಾರವಾಯಿತು ಅನ್ನುವಾಗ ಕೈ ಉಪ್ಪಿನ ಡಬ್ಬಿಗೆ ಹೋಗಬೇಕು, ಅದಕ್ಕೆ ತಲೆ ಉಪಯೋಗಿಸಬಾರದು ಎಂದು ನನ್ನ ಅತ್ತೆ ಕಲಿಸಿದ್ದರು. ಈ ಇಪ್ಪತ್ತೆರಡು ವರ್ಷದಲ್ಲಿ ನನ್ನ ಸಾರಿಗೆ ಯಾರೂ ಮೇಲುಪ್ಪು ಕೇಳಿದ್ದಿಲ್ಲ. ಡಾಕ್ಟರ್ ಅಡುಗೆಮನೆಗೆ ಥರ್ಮಾಮೀಟರ್ ತಂದಿಟ್ಟಾಗ ನಾನು ಒಳಗೊಳಗೇ ನಕ್ಕಿದ್ದೆ. ಅದು ತೋರಿಸುವ ಮೊದಲೇ ನನಗೆ ಹದ ಗೊತ್ತಾಗುತ್ತಿತ್ತು. "ನಿಮ್ಮ ಕೈ ಒಳ್ಳೇದುಂಟು ಅಕ್ಕ," ಎಂದು ಕಾಕ ಹೇಳಿದಾಗ "ಅಯ್ಯೋ ಅದೇನ್ ಮಹಾ ಬಿಡಿ," ಅಂದರೂ ಆ ದಿನವೆಲ್ಲ ಖುಷಿಯಾಗಿದ್ದೆ.

ಆ ಅಡುಗೆಮನೆಯಲ್ಲಿ ಎರಡು ಒಲೆ. ಒಂದರಲ್ಲಿ ಹಾಳೆಯ ಗಂಜಿ, ಹನ್ನೊಂದು ಗಂಟೆಯ ಮೇಲೆ ಇನ್ನೊಂದರಲ್ಲಿ ಕಾಕನ ಕುಚ್ಚಲಕ್ಕಿ ಗಂಜಿ. ನಾನು ಅಲ್ಲಿ ನಿಂತಿರುತ್ತಿದ್ದುದರಿಂದ ಅದನ್ನೂ ನಾನೇ ತಿರುವಿ, ಉಪ್ಪು ಹಾಕಿ ಇಳಿಸುತ್ತಿದ್ದೆ. ಮಧ್ಯದ ಶೆಲ್ಫಿನಲ್ಲಿ ಉಪ್ಪಿನ ಡಬ್ಬಿ, ಚಹಾಪುಡಿ, ಕಾಕನ ಮಾವಿನಕಾಯಿ ಉಪ್ಪಿನಕಾಯಿ. ಡಾಕ್ಟರ್‌ಗೂ ಆ ಉಪ್ಪಿನಕಾಯಿ ಸೇರುತ್ತಿತ್ತು. ಅಡುಗೆ ಬೇರೆ, ಪ್ರಯೋಗ ಬೇರೆ ಎಂಬ ಶಿಸ್ತು ನಮಗೆ ಮೂವರಿಗೂ ಇರಲಿಲ್ಲ. ಎಂ.ಎಸ್ಸಿ. ಓದಿದ ನನಗಾದರೂ ಇರಬೇಕಿತ್ತು.

ನನಗೆ ಮೂರು ತಿಂಗಳ ಪ್ರೊಬೇಷನ್ ಇತ್ತು. ಅದರ ಕೊನೆಯ ವಾರಗಳಲ್ಲಿ, ಆಗಸ್ಟಿನಲ್ಲಿ, ನಮ್ಮ ಹಾಳೆಗೆ ಮೊದಲ ಗಿರಾಕಿ ಸಿಕ್ಕಿತು. ಇಸ್ತ್ರಿಯಾದ ಘುತ್ರಾಗಳನ್ನು ಸುತ್ತಿ ಕೊಡಲು ಒಂದು ಲಾಂಡ್ರಿಯವರು ನಮ್ಮ ಹಾಳೆ ನೋಡುತ್ತೇವೆ ಎಂದರು. ಲಾಂಡ್ರಿಯ ಮಾತು ಬಂದದ್ದೇ ಕಾಕ ಹತ್ತು ವರ್ಷ ಚಿಕ್ಕವರಾದರು. ಹಾಳೆ ಎಷ್ಟು ಅಗಲ ಇರಬೇಕು, ಮಡಿಕೆ ಎಲ್ಲಿ ಬರಬೇಕು ಎಂದು ಡಾಕ್ಟರ್‌ಗೆ ಅವರೇ ಪಾಠ ಹೇಳಿದರು. ನಾವು ನಲವತ್ತು ಹಾಳೆ ಮಾಡಿ ಕಳಿಸಿದೆವು.

ಆಗಸ್ಟಿನ ಕೊನೆಯ ದೋಹಾ ಗೊತ್ತಿದ್ದವರಿಗೆ ಹೇಳುವುದು ಬೇಡ. ಎ.ಸಿ.ಯಿಂದ ಹೊರಗೆ ಕಾಲಿಟ್ಟರೆ ಕನ್ನಡಕ ಮಂಜಾಗುತ್ತದೆ, ಗೋಡೆಗಳೂ ಬೆವರುತ್ತವೆ. ನಮ್ಮ ಹಾಳೆಗಳು ಲಾಂಡ್ರಿಯಲ್ಲಿ ಮೂರು ದಿನ ಚೆನ್ನಾಗಿದ್ದು, ನಾಲ್ಕನೆಯ ದಿನ ಬೆವರಲು ಶುರುಮಾಡಿದವಂತೆ. ಮೆತ್ತಗಾಗಿ ಘುತ್ರಾಗಳಿಗೆ ಅಂಟಿಕೊಂಡು, ಹೆಡೆಯಂತೆ ನಿಲ್ಲಬೇಕಾದ ಬಟ್ಟೆಗಳು ಒದ್ದೆ ಟವಲ್ಲುಗಳಾದವು. ಗುರುವಾರ ಮಧ್ಯಾಹ್ನ ಅವರು ಎಲ್ಲವನ್ನೂ ಒಂದು ಚೀಲದಲ್ಲಿ ವಾಪಸ್ ಕಳಿಸಿದರು.

ಡಾಕ್ಟರ್ ಕೂಗಾಡುವವರಲ್ಲ. ಚೀಲದಿಂದ ಒಂದು ಚೂರು ಹಾಳೆ ತೆಗೆದು ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ, ಪೆನ್ನಿನಂಥ ಒಂದು ಮೀಟರ್ ಅದ್ದಿದರು. ನಾನು ಸೇರುವ ಮುಂಚೆ ತಾವೇ ಮಾಡಿದ್ದ ಹಾಳೆಯ ಚೂರನ್ನೂ ಹಾಗೇ ಪರೀಕ್ಷಿಸಿದರು. ಎರಡು ಅಂಕಿಗಳನ್ನೂ ಬರೆದುಕೊಂಡು, "ಇದರಲ್ಲಿ ಉಪ್ಪಿದೆ," ಎಂದರು. ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಅದಕ್ಕೇ ಹಾಳೆ ಬೆವರಿದೆ. ಉಪ್ಪು ಎಲ್ಲಿಂದ ಬಂತು? ಪಿಷ್ಟ ಅದೇ, ಗ್ಲಿಸರಿನ್ ಅದೇ, ವಿನೆಗರ್ ಅದೇ. ಅವರು ಒಲೆಯ ಕಡೆ ನೋಡಿದರು, ನನ್ನ ಕಡೆ ನೋಡಿದರು, ಮೂಲೆಯಲ್ಲಿದ್ದ ನೀರಿನ ಕ್ಯಾನುಗಳ ಕಡೆ ನೋಡಿದರು.

ಆ ಗಳಿಗೆಯಲ್ಲಿ ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ಆದರೂ ನಾನು ಬಾಯಿಬಿಟ್ಟೆ. "ಹೋದ ವಾರ ಕಾಕ ತೋಟದ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದುದನ್ನು ನೋಡಿದೆ," ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ತೋಟದ ನಲ್ಲಿಯಲ್ಲಿ ಬರುವುದು ಬೋರ್‌ವೆಲ್ಲಿನ ಉಪ್ಪುನೀರು. ಏನೋ ಹೇಳಲು ಬಾಯಿ ತೆರೆದಿದ್ದ ಕಾಕ ನನ್ನ ಮಾತು ಕೇಳಿ ನನ್ನ ಕಡೆ ತಿರುಗಿದರು, ಮತ್ತೆ ಬಾಯಿ ಮುಚ್ಚಿದರು. ಹಿಂದೆ ಒಮ್ಮೆ ಕ್ಯಾನು ಖಾಲಿಯಾದಾಗ ಅವರು ಅಡುಗೆಮನೆಯ ನಲ್ಲಿ ನೀರನ್ನು ತುಂಬಿಸಿ ಬೈಸಿಕೊಂಡಿದ್ದರು, ಹಾಗಾಗಿ ಡಾಕ್ಟರ್‌ಗೆ ಹೆಚ್ಚು ಯೋಚಿಸುವ ಅಗತ್ಯ ಬೀಳಲಿಲ್ಲ. "ಆ ನೀರು ಕ್ಯಾನಿಗೆ ಹಾಕಿದಿರಾ?" ಎಂದು ಕೇಳಿದರು. "ಮಾಫಿ, ಡಾಕ್ಟರ್. ಹಾಕಲಿಲ್ಲ," ಎಂದರು ಕಾಕ. ಇಲ್ಲಿಯ ಅರಬಿಯಲ್ಲಿ ಮಾಫಿ ಅಂದರೆ ಇಲ್ಲ ಎಂದರ್ಥ. ಡಾಕ್ಟರ್ ಮೀಟರನ್ನು ಒರೆಸಿ ಪೆಟ್ಟಿಗೆಗೆ ಹಾಕಿದರು. "ಭಾನುವಾರ ಬನ್ನಿ, ನಿಮ್ಮ ಕಾಗದಪತ್ರ ನೋಡೋಣ. ನನಗೆ ನಂಬಿಕೆ ಹೋಯಿತು, ಖಲಾಸ್," ಎಂದರು. ಕಾಕ ಟ್ರೇಗಳನ್ನು ಎಂದಿನಂತೆ ತೊಳೆದು, ಕವುಚಿ ಹಾಕಿ ಹೋದರು. ನನಗೆ ಪಾಪ ಅನ್ನಿಸಿತು. ಆದರೂ ತಪ್ಪು ಮಾಡಿದ್ದಾರಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಇಲ್ಲಿ ಶುಕ್ರವಾರ, ಶನಿವಾರ ರಜೆ. ಶುಕ್ರವಾರ ಬೆಳಗ್ಗೆ ನಾನು ಒಲೆಯ ಮುಂದೆ ನಿಂತು ಬೇಳೆ ಸಾರು ತಿರುವುತ್ತಾ ಲಾಂಡ್ರಿಯ ಕಥೆಯನ್ನು ನಮ್ಮ ಮನೆಯವರಿಗೆ ಹೇಳುತ್ತಿದ್ದೆ. ಅವರು ಬಾಗಿಲಿಗೆ ಒರಗಿ ಕಾಫಿ ಕುಡಿಯುತ್ತಿದ್ದರು. ಕಥೆ ಕಾಕನ ಹತ್ತಿರ ಬಂದಾಗ ಅವರು ಕೈ ಎತ್ತಿದರು.

"ತಡಿ ತಡಿ, ಆಗ್ಲೇ ಒಂದ್ಸಲ ಉಪ್ಪು ಹಾಕ್ದೆ. ಮತ್ತೆ ಯಾಕೆ ಹಾಕ್ತಿದೀಯಾ?"

"ನಾನೆಲ್ಲಿ ಹಾಕ್ದೆ?"

"ಈಗ ಕೈಯಲ್ಲಿರೋದೇನು?"

ನೋಡಿದರೆ ನನ್ನ ಬಲಗೈಯ ಮೂರು ಬೆರಳಲ್ಲಿ ಉಪ್ಪು ಇತ್ತು. ಮೊದಲ ಸಲ ಹಾಕಿದ್ದು ನನಗೆ ನೆನಪೇ ಇಲ್ಲ. "ನೀನು ಮಾತಿಗೆ ಬಿದ್ರೆ ಕೈ ತಾನಾಗೇ ಹೋಗತ್ತೆ ಕಣೇ, ನಾನು ಎಷ್ಟು ವರ್ಷದಿಂದ ನೋಡ್ತಿದೀನಿ. ಸೌಟು ಗಟ್ಟಿ ತಿರುಗಿದ್ರೆ ಸಾಕು," ಎಂದರು ಅವರು.

ನಾನು ಒಲೆ ಆರಿಸಿದೆ. ಫ್ರಿಜ್ಜಿನಲ್ಲಿ ಕರಿಬೇವು ಸುತ್ತಿಟ್ಟಿದ್ದ ಹಾಳೆಯೊಂದಿತ್ತು. ನಾನೇ ಮಾಡಿದ್ದು ನೋಡಿ ಎಂದು ಅಕ್ಕಪಕ್ಕದವರಿಗೆ ತೋರಿಸಲು ತಂದಿದ್ದೆ. ಅದರ ಒಂದು ಮೂಲೆ ಹರಿದು, ಅಡುಗೆಮನೆಯಲ್ಲಿ ನಿಂತು ಏನನ್ನೂ ಬಾಯಿಗೆ ಹಾಕದ ನಾನು, ನಾಲಗೆಯ ಮೇಲೆ ಇಟ್ಟುಕೊಂಡೆ. ಮೊದಲು ಏನೂ ಅನ್ನಿಸಲಿಲ್ಲ. ಆಮೇಲೆ ಹುಳಿ, ಸಿಹಿ, ಅದರ ಹಿಂದೆಯೇ ಉಪ್ಪು. ಒಳ್ಳೆಯ ಹದವಾದ ಉಪ್ಪು, ಊಟದ ಗಂಜಿಗೆ ಎಷ್ಟು ಬೇಕೋ ಅಷ್ಟೇ.

ಹರಿದ ಹಾಳೆಯನ್ನು ಬಾಗಿಲ ಕಡೆ ಚಾಚಿ, "ಇದ್ರಲ್ಲಿರೋ ಉಪ್ಪು ನಂದೇ ಕಣ್ರೀ," ಎಂದೆ. ನಮ್ಮ ಮನೆಯವರಿಗೆ ಅರ್ಥವಾಗಲು ಎರಡು ನಿಮಿಷ ಬೇಕಾಯಿತು. ಅರ್ಥವಾದ ಮೇಲೆ ಅವರು ಮೊದಲು ನಕ್ಕರು, ನನ್ನ ಮುಖ ನೋಡಿ ನಿಲ್ಲಿಸಿದರು.

"ಈಗ್ಲೇ ಫೋನ್ ಮಾಡಿ ಹೇಳ್ಬಿಡು."

"ಭಾನುವಾರ ಹೇಳ್ತೀನಿ."

"ಉಪ್ಪು ತಿಂದೋರು ನೀರು ಕುಡೀಲೇಬೇಕು. ಇವತ್ತು ಕುಡಿದ್ರೇನು, ಭಾನುವಾರ ಕುಡಿದ್ರೇನು?"

"ಗಾದೆ ಹೇಳೋಕೆ ನಿಮಗೇನು? ನಿಮ್ಮ ಕೆಲ್ಸ ಹೋಗ್ತಿದ್ಯಾ?" ಎಂದು ರೇಗಿದೆ. ಅವರು ಕಾಫಿ ಲೋಟ ತೊಳೆದಿಟ್ಟು ಹೊರಗೆ ಹೋದರು.

ನಿಜ ಹೇಳಬೇಕೆಂದರೆ, ಭಾನುವಾರ ಹೇಳುತ್ತೇನೆ ಅಂದಾಗ ಹೇಳುವ ನಿರ್ಧಾರ ನನ್ನಲ್ಲಿ ಇರಲಿಲ್ಲ. ನನಗೆ ಆ ಕೆಲಸ ಬೇಕಿತ್ತು, ಬಹಳ ಬೇಕಿತ್ತು. ಬೆಳಗ್ಗೆ ಎದ್ದು ಒಳ್ಳೆಯ ಸೀರೆ ಉಟ್ಟು ಎಲ್ಲಿಗಾದರೂ ಹೋಗುವುದು ಎಂದರೆ ಏನು ಅಂತ ಮೂರು ತಿಂಗಳಿಂದ ಗೊತ್ತಾಗಿತ್ತು. ಲಾಗ್ ಪುಸ್ತಕದಲ್ಲಿ ಪ್ರತಿ ಗಂಜಿಗೂ 'ವಿಧಾನದಂತೆ ಮಾಡಲಾಗಿದೆ' ಎಂದು ಬರೆದು ನಾನೇ ಸಹಿ ಹಾಕಿದ್ದೆ. ಶನಿವಾರವಿಡೀ ನಾನು ವಾದ ಹೂಡಿದೆ. ಇನ್ನು ಮುಂದೆ ಎಚ್ಚರವಾಗಿದ್ದರೆ ಸಾಕಲ್ಲ? ಕಾಕನಿಗೆ ಇನ್ನೊಂದು ಲಾಂಡ್ರಿಯಲ್ಲಿ ಕೆಲಸ ಸಿಗಬಹುದಲ್ಲ? ಅವರೂ ಒಮ್ಮೆ ತಪ್ಪು ನೀರು ತುಂಬಿಸಿದ್ದು ನಿಜವಲ್ಲವೇ? ವಾದಗಳೆಲ್ಲ ಚೆನ್ನಾಗಿಯೇ ಇದ್ದವು. ಸಂಜೆ ಬಟ್ಟೆ ಮಡಿಸುವಾಗ ನಮ್ಮ ಮನೆಯವರ ಇಸ್ತ್ರಿ ಅಂಗಿ ಕೈಗೆ ಬಂತು. ಅದರ ಗಟ್ಟಿ ಕಾಲರ್ ಮುಟ್ಟಿದಾಗ ಕಾಕನ ಕೈಗಳು ಕಣ್ಣ ಮುಂದೆ ಬಂದವು. ಬಿಸಿಗೂ ಗಂಜಿಗೂ ಬೆರಳ ತುದಿಗಳಲ್ಲಿ ಗೆರೆಗಳೇ ಅಳಿಸಿಹೋದ ಕೈಗಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತಲ್ಲ ಎಂದು ಅಳು ಬಂತು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಭಾನುವಾರ ಅರ್ಧ ಗಂಟೆ ಮುಂಚೆಯೇ ಹೋದೆ. ಕಾಕ ಅಡುಗೆಮನೆಯಲ್ಲಿ ಚಹಾಕ್ಕೆ ನೀರಿಟ್ಟಿದ್ದರು. ಇಸ್ತ್ರಿಯಾದ ಅಂಗಿ ಹಾಕಿದ್ದರು, ಮೇಜಿನ ಮೇಲೆ ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಪಾಸ್‌ಪೋರ್ಟ್ ಇತ್ತು. "ಬಂದ್ರಾ ಅಕ್ಕ, ಕೂತ್ಕೊಳ್ಳಿ," ಎಂದರು, ಅಷ್ಟೇ. ನಾನು ಕೂರಲಿಲ್ಲ. ಡಾಕ್ಟರ್ ಬರುವವರೆಗೂ ಸಿಂಕಿನ ಹತ್ತಿರ ನಿಂತಿದ್ದೆ.

ಡಾಕ್ಟರ್ ಬಂದು ಕಾರಿನ ಬೀಗದ ಕೈ ಮೇಜಿನ ಮೇಲಿಡುವಷ್ಟರಲ್ಲಿ ನಾನು ಹೇಳಿಬಿಟ್ಟೆ. ಉಪ್ಪು ನೀರಿನದಲ್ಲ, ನನ್ನ ಕೈಯದು. ನಮ್ಮ ಮನೆಯಲ್ಲಿ ರುಚಿ ನೋಡದೆ ಅಡುಗೆ ಮಾಡುತ್ತೇವೆ, ಗಂಜಿ ಗಟ್ಟಿಯಾದಾಗ ಕೈ ತಾನಾಗಿಯೇ ಉಪ್ಪು ಹಾಕುತ್ತದೆ, ನನಗೇ ಗೊತ್ತಾಗಿರಲಿಲ್ಲ. ಮಾತಿನ ಮಧ್ಯೆ ನನ್ನ ಇಂಗ್ಲಿಷು ಕೈಕೊಟ್ಟಿತು. ಕೊನೆಗೆ ಶೆಲ್ಫಿನಿಂದ ಡಬ್ಬಿ ತೆಗೆದು, ಮೂರು ಬೆರಳಲ್ಲಿ ಉಪ್ಪು ಎತ್ತಿ, ಖಾಲಿ ಪಾತ್ರೆಗೆ ಉದುರಿಸಿ ತೋರಿಸಿದೆ.

ಡಾಕ್ಟರ್ ಪಾತ್ರೆಯನ್ನು ತಮ್ಮ ಕಡೆ ಎಳೆದುಕೊಂಡರು. "ಯಾವ ಯಾವ ಗಂಜಿಗೆ ಹಾಕಿದ್ದೀರಿ?" ಎಂದು ಕೇಳಿದರು.

"ಗೊತ್ತಿಲ್ಲ."

"ಗೊತ್ತಿಲ್ಲ ಅಂದರೆ?"

"ಗಮನ ಬೇರೆ ಕಡೆ ಇದ್ದ ದಿನಗಳಲ್ಲೆಲ್ಲ."

ಅವರು ಲಾಗ್ ಪುಸ್ತಕ ತೆಗೆದು, ನಾನು ಸೇರಿದ ದಿನದಿಂದ ಈಚೆಗಿನ ಪುಟಗಳ ಮೇಲೆಲ್ಲ ಉದ್ದಕ್ಕೆ ಗೆರೆ ಎಳೆದರು. ಮೂರು ತಿಂಗಳ ಕೆಲಸ. ಗೆರೆ ಎಳೆಯುವ ಸದ್ದು ಈಗಲೂ ನೆನಪಿದೆ. ಪ್ರೊಬೇಷನ್ ಮತ್ತೆ ಮೊದಲಿನಿಂದ ಶುರು, ಇನ್ನು ಈ ಅಡುಗೆಮನೆಯಲ್ಲಿ ಊಟದ ಅಡುಗೆ ಇಲ್ಲ, ಉಪ್ಪು ಇವತ್ತೇ ಹೊರಗೆ ಹೋಗಬೇಕು ಎಂದರು. ಕಾಕನ ಕಡೆ ತಿರುಗಿ ಅರಬಿಯಲ್ಲಿ ಏನೋ ಹೇಳಿದರು, ಫೋಲ್ಡರನ್ನು ಅವರ ಕಡೆ ತಳ್ಳಿ ವಿಲ್ಲಾದೊಳಗಿನ ತಮ್ಮ ಕೋಣೆಗೆ ಹೋದರು. ಕೆಲಸ ಉಳಿದದ್ದಕ್ಕೆ ನನಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ನನ್ನ ಬಗ್ಗೆ ಸ್ವಲ್ಪ ಹೆಮ್ಮೆಯೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ.

ಕಾಕ ಎರಡು ಲೋಟಕ್ಕೆ ಚಹಾ ಸೋಸಿ ಒಂದನ್ನು ನನ್ನ ಮುಂದಿಟ್ಟರು.

"ನೀವು ಉಪ್ಪು ಹಾಕುದು ನಾನು ಮೊದ್ಲೇ ನೋಡಿದ್ದೆ ಅಕ್ಕ," ಎಂದರು.

ನಾನು ಲೋಟ ಕೆಳಗಿಟ್ಟೆ. "ಯಾವಾಗ?"

"ನೀವು ಬಂದ ಎರಡನೇ ವಾರವೇ. ಅದು ಫಾರ್ಮುಲಾ ಅಂತ ಗ್ರಹಿಸಿದ್ದು ನಾನು. ಓದಿದವ್ರು ಹಾಕ್ತಾರೆ, ಲಾಂಡ್ರಿಯವ ನಾನು ಎಂತ ಕೇಳುದು? ಗುರುವಾರ ಡಾಕ್ಟರ್ ಉಪ್ಪು ಅಂತ ಹೇಳಿದಾಗ್ಲೇ ನಂಗೆ ಗೊತ್ತಾಯ್ತು."

"ಹಾಗಾದ್ರೆ ಅಲ್ಲೇ ಹೇಳ್ಬೇಕಿತ್ತು ಕಾಕ! ಎರಡು ದಿನ ಸುಮ್ನಿದ್ರಲ್ಲ!"

"ಹೇಳ್ಲಿಕ್ಕೆ ಬಾಯಿ ತೆರ್ದಿದ್ದೆ ಮಾರಾಯ್ರೆ. ಅಷ್ಟರಲ್ಲಿ ನೀವು ನಲ್ಲಿ ನೀರಿನ ಮಾತು ಹೇಳಿದ್ರಿ. ಅದಾದ ಮೇಲೆ ನಾನು ಉಪ್ಪು ಅಂತ ಹೇಳಿದ್ರೆ, ನಿಮ್ಮ ಮೇಲಿನ ಕೋಪಕ್ಕೆ ಹೇಳಿದ ಹಾಗೆ ಆಗ್ತದೆ. ಯಾರು ನಂಬ್ತಾರೆ?" ಅವರು ಚಹಾ ಊದಿ ಕುಡಿದರು. ದನಿಯಲ್ಲಿ ಸಿಟ್ಟು ಇರಲಿಲ್ಲ, ಅದೇ ನನಗೆ ಕಷ್ಟವಾಯಿತು. "ನಾನೇನು ದೊಡ್ಡ ಮನುಷ್ಯ ಅಲ್ಲ. ಇವತ್ತು ನೀವು ಹೇಳದಿದ್ರೆ ನಾನೇ ಹೇಳ್ತಿದ್ದೆ, ನಂಬಿದ್ರೆ ನಂಬ್ಲಿ, ಬಿಟ್ರೆ ಬಿಡ್ಲಿ ಅಂತ. ಆದ್ರೆ ಆ ದಿನ ನಾನು ನೀರು ಹಿಡ್ದದ್ದು ಅಂಗಳ ತೊಳೀಲಿಕ್ಕೆ ಅಲ್ವಾ? ನೀವು ನೋಡಿದ್ರಿ ಅಲ್ವಾ?"

ನೋಡಿದ್ದೆ. ಹಳದಿ ಬಕೆಟ್ಟು, ಪಕ್ಕದಲ್ಲಿ ಪೊರಕೆ. ಕ್ಯಾನು ಆಗಿರಲಿಲ್ಲ. ಗುರುವಾರ ಡಾಕ್ಟರ್ ಮುಂದೆ ನಿಂತು ಹೇಳುವಾಗಲೂ ಅದು ಬಕೆಟ್ಟು ಎಂದು ನನಗೆ ಗೊತ್ತಿತ್ತು. ಉಪ್ಪು ಹಾಕಿದ್ದು ನನಗೆ ತಿಳಿಯದೆ ನನ್ನ ಕೈಯಿಂದ ಆದ ತಪ್ಪು, ಅದನ್ನು ಒಪ್ಪಿಕೊಂಡು ಹೆಮ್ಮೆಪಟ್ಟುಕೊಂಡಿದ್ದೆ. ಇದು ತಿಳಿದು ಮಾಡಿದ್ದು. ಇದನ್ನು ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

"ತಪ್ಪಾಯ್ತು ಕಾಕ," ಎಂದೆ. ಅವರು ತಲೆಯಾಡಿಸಿ ಟ್ರೇಗಳ ಕಡೆ ಹೋದರು. ನಾನು ಚಹಾ ಹಾಗೇ ಬಿಟ್ಟು, ಈ ಎರಡನೆಯ ತಪ್ಪನ್ನೂ ಹೇಳಲು ಅಂಗಳ ದಾಟಿ ಡಾಕ್ಟರ್ ಕೋಣೆಯ ಬಾಗಿಲು ತಟ್ಟಿದೆ.